ಅರ್ಧ ಬೀಗ ಬಿದ್ದ ಡಿಸ್ಕು

"ಡಿಸ್ಕು ಸತ್ತಿದೆಯಂತಲ್ಲ, ರಾಜಿಗೆ ಬನ್ನಿ ಅಂತ ಕಾರ್ಖಾನೆ ವಕೀಲ ಬೆಳಗ್ಗೆಯೇ ಫೋನ್ ಮಾಡಿದ," ಎಂದಳು ವಕೀಲೆ. ಕುರ್ಚಿ ಎಳೆದುಕೊಟ್ಟರೂ ಕೂರಲಿಲ್ಲ. "ನನ್ನ ತಮ್ಮನೇ ಬೆನ್ನಿಗೆ ಚೂರಿ ಹಾಕಿದ."

ಅತ್ತಿಗೆ ಸ್ಕ್ರೂಡ್ರೈವರ್ ಕೆಳಗಿಟ್ಟಳು. ಅವಳೂ ಅವಳ ಗಂಡನ ತಂಗಿಯೂ ನಡೆಸುತ್ತಿದ್ದುದು ಕಂಪ್ಯೂಟರ್ ರಿಪೇರಿ ಅಂಗಡಿ; ಬೀದಿಗೆಲ್ಲ ಅವರು ಅತ್ತಿಗೆ, ನಾದಿನಿ. ಆದರೆ ಕಳವು, ಮೋಸ ಏನೇ ಇರಲಿ, ಬೀದಿಯವರು ಮೊದಲು ಹತ್ತುವುದು ಆ ಅಂಗಡಿಯ ಮೆಟ್ಟಿಲನ್ನೇ. ನಾದಿನಿ ಆಗಲೇ ಚಪ್ಪಲಿ ಮೆಟ್ಟಿದ್ದಳು. ಇಂಥ ಕೆಲಸಕ್ಕೆ ಅತ್ತಿಗೆ ಒಬ್ಬಳೇ ಹೋದದ್ದಿಲ್ಲ.

ಬ್ಯಾಟರಿ ಕಾರ್ಖಾನೆಯಲ್ಲಿ ಸೀಸದ ವಿಷವೇರಿದ ಹೆಂಗಸರ ಹೇಳಿಕೆಗಳ ಧ್ವನಿಮುದ್ರಣ ವಕೀಲೆಯ ಕಂಪ್ಯೂಟರಿನ ಆ ಡಿಸ್ಕಿನಲ್ಲಿತ್ತು. ಎಲ್ಲಿಯೂ ನಕಲು ಇಡುವುದಿಲ್ಲವೆಂದು ವಕೀಲೆ ಮಾತು ಕೊಟ್ಟಿದ್ದಳು. ವಿಚಾರಣೆ ಅಂದೇ ಮಧ್ಯಾಹ್ನ.

ವಕೀಲೆಯ ಮನೆಯ ಮುಂಗೋಣೆಯೇ ಕಚೇರಿ. ತಮ್ಮ ಬಾಗಿಲ ಹೊರಗೆ ಮುಖ ಊದಿಸಿಕೊಂಡು ನಿಂತಿದ್ದ.

"ಅಕ್ಕನೇ ನಿನ್ನೆ ಡಿಸ್ಕಿಗೆ ಬೀಗ ಹಾಕು ಅಂದಿದ್ದು," ಎಂದ. "ಲಿನಕ್ಸಲ್ಲಿ ಫೈಲುಗಳನ್ನ ಇದ್ದ ಜಾಗದಲ್ಲೇ ಇಟ್ಟು ಇಡೀ ಪಾರ್ಟಿಷನ್ ಎನ್‌ಕ್ರಿಪ್ಟ್ ಮಾಡಬಹುದು, ಅಂದ್ರೆ ಪಾಸ್‌ವರ್ಡಿನ ಬೀಗ ಹಾಕಬಹುದು. ಅನ್‌ಮೌಂಟ್ ಮಾಡಿದೆ, ಆಮೇಲೆ ಫೈಲ್ ಸಿಸ್ಟಂ ಸ್ವಲ್ಪ ಕುಗ್ಗಿಸಿ ಬೀಗದ ವಿವರಕ್ಕೆ ಜಾಗ ಬಿಟ್ಟೆ, ಅಕ್ಕ ಹೇಳಿದ ಪಾಸ್‌ವರ್ಡ್ ಕೊಟ್ಟು ಶುರು ಮಾಡಿ ಟೀ ಕುಡಿಯೋಕೆ ಹೋದೆ. ಬಂದು ನೋಡಿದ್ರೆ ಮನೆಯೆಲ್ಲ ಕರೆಂಟಿಲ್ಲ. ಆಮೇಲೆ ಸರಿ ಮಾಡ್ತೀನಿ ಅಂದ್ರೂ ಅಕ್ಕ ಕಂಪ್ಯೂಟರ್ ಮುಟ್ಟೋಕೇ ಬಿಡಲಿಲ್ಲ."

ಪಕ್ಕದ ಮನೆಯಲ್ಲಿ ಕರೆಂಟು ಹೋಗಿರಲಿಲ್ಲವೆಂದು ನಾದಿನಿ ವಿಚಾರಿಸಿ ಬಂದಳು. ಮನೆಯ ಪಕ್ಕದ ಓಣಿಯಲ್ಲಿದ್ದ ಮೇನ್ ಸ್ವಿಚ್ಚನ್ನು ಯಾರೋ ಆರಿಸಿದ್ದರು.

"ಈ ಕೇಸು ಬೇಡ ಅಂತ ಬಡ್ಕೊಂಡವನು ನಾನೇ, ನನ್ನನ್ನೂ ಹಿಡೀರಿ!" ಎಂದರು ಅದೇ ಮನೆಯಲ್ಲಿದ್ದ ವಕೀಲೆಯ ಸೋದರಮಾವ. "ಆದ್ರೆ ಆಗ ಮೈತುಂಬ ಸೋಪು ಹಚ್ಕೊಂಡಿದ್ದೆ. ಆ ಅವತಾರದಲ್ಲಿ ಓಣಿಗೆ ಬಂದಿದ್ರೆ ಬೀದಿಗೆಲ್ಲ ಗೊತ್ತಾಗ್ತಿತ್ತು."

ಕಚೇರಿಯ ಟೈಪಿಸ್ಟ್ ಕಣ್ಣೊರೆಸಿಕೊಂಡಳು. "ನಾನು ಪಕ್ಕದ ಕಂಪ್ಯೂಟರಿಂದ ಆ ಡಿಸ್ಕಲ್ಲಿದ್ದ ಹೇಳಿಕೆ ಕೇಳ್ತಾ ಟೈಪ್ ಮಾಡ್ತಿದ್ದೆ. ಹೆಂಗಸಿನ ಮಾತು ಅರ್ಧಕ್ಕೇ ನಿಂತುಹೋಯ್ತು. ಕಿವಿಗೆ ಹೆಡ್‌ಫೋನಿತ್ತು, ಯಾರು ಓಡಾಡಿದ್ರೋ ತಿಳೀಲಿಲ್ಲ."

ಅತ್ತಿಗೆ ವಕೀಲೆಯಿಂದ ಪಾಸ್‌ವರ್ಡ್ ಹಾಕಿಸಿದಳು, ಒಂದು ಸಾಲು ಟೈಪ್ ಮಾಡಿದಳು. ತೆರೆಯ ಮೇಲೆ ಅಂಕಿಗಳು ಮೆಲ್ಲಗೆ ಏರತೊಡಗಿದವು. ಎಲ್ಲರನ್ನೂ ಕೂರಿಸಿದಳು; ತಮ್ಮ ಮಾತ್ರ ಬಾಗಿಲ ಹೊರಗೇ ಉಳಿದ.

"ಡಿಸ್ಕು ಸತ್ತಿಲ್ಲ. ಎಲ್ಲಿವರೆಗೆ ಬೀಗ ಬಿದ್ದಿದೆ ಅನ್ನೋದನ್ನ ಅದೇ ಬರೆದಿಟ್ಟುಕೊಳ್ಳುತ್ತೆ. ಕರೆಂಟು ಹೋದರೆ ನಿಂತ ಕಡೆಯಿಂದ ಮುಂದುವರಿಸಬಹುದು. ತಮ್ಮನಿಗೆ ಇದು ಗೊತ್ತು. ಹಾಳು ಮಾಡೋ ಮನಸ್ಸಿದ್ದರೆ ಅವನು ಸ್ವಿಚ್ ಆರಿಸ್ತಿರಲಿಲ್ಲ. ಅರ್ಧಕ್ಕೆ ನಿಂತರೆ ಸತ್ತೇ ಹೋಗುತ್ತೆ ಅಂದ್ಕೊಂಡವರ ಕೆಲಸ ಇದು."

"ನನಗೂ ಗೊತ್ತಿರಲಿಲ್ಲಮ್ಮ," ಎಂದರು ಮಾವ, ಗಾಬರಿಯಿಂದ.

"ನೀವು ಸುಳ್ಳು ಹೇಳಿಲ್ಲ, ಮಾವ. ಅನ್‌ಮೌಂಟ್ ಅಂದ್ರೆ ಡಿಸ್ಕಿನ ಬಾಗಿಲು ಮುಚ್ಚಿದ ಹಾಗೆ. ಬೀಗ ಶುರುವಾಗೋ ಮೊದಲೇ ಮುಚ್ಚಿತ್ತು. ಆಮೇಲೆ ಯಾವ ಕಂಪ್ಯೂಟರಿಂದಲೂ ಅಲ್ಲಿಂದ ಒಂದು ಅಕ್ಷರ ತೆಗೆಯೋಕಾಗಲ್ಲ." ಅತ್ತಿಗೆ ಟೈಪಿಸ್ಟಳ ಕಡೆ ತಿರುಗಿದಳು. "ನೀನು ಯಾವ ಹೆಂಗಸಿನ ಮಾತು ಕೇಳ್ತಿದ್ದೆ?"

ಟೈಪಿಸ್ಟ್ ಹೆಡ್‌ಫೋನನ್ನು ಮೇಜಿನ ಮೇಲಿಟ್ಟಳು.

"ನಮ್ಮನೆಯವರು ಆ ಕಾರ್ಖಾನೇಲಿ ಮೇಲ್ವಿಚಾರಕರು," ಎಂದಳು ಟೈಪಿಸ್ಟ್. "ಕೇಸು ಗೆದ್ರೆ ಕಾರ್ಖಾನೆ ಮುಚ್ಚುತ್ತೆ ಅಂದ್ರು. ಆರಿಸಿದೆ. ಅವರಿಗೆ ಹೇಳಿದೆ, ಅವರು ಕಾರ್ಖಾನೆ ವಕೀಲರಿಗೆ ಹೇಳಿದ್ರು. ಪೊಲೀಸರಿಗೆ ಕೊಡ್ತೀರಾ?"

ವಕೀಲೆ ಕುರ್ಚಿಯಿಂದೆದ್ದಳು. ಹೊರಗೆ ಹೋಗಿ ತಮ್ಮನ ಕೈಹಿಡಿದು ಒಳಗೆ ಕರೆತಂದಳು. ಬೀಗದ ಕೆಲಸ ಮುಗಿದ ಮೇಲೆ ಒಂದು ಹೇಳಿಕೆ ತೆರೆದು ನೋಡಿದಳು. ಕೆಮ್ಮಿನ ನಡುವೆ ಒಂದು ಹೆಣ್ಣುದನಿ ತನ್ನ ಹೆಸರು ಹೇಳಿತು. ಮರುಕ್ಷಣವೇ ವಕೀಲೆ ಅದನ್ನು ನಿಲ್ಲಿಸಿ ಕರಿ ಕೋಟು ತೊಟ್ಟಳು.

"ಪೊಲೀಸಿನ ಮಾತು ನಾಳೆ," ಎಂದಳು ಟೈಪಿಸ್ಟಳಿಗೆ. "ಇವತ್ತು ನನ್ನ ಜೊತೆ ಕೋರ್ಟಿಗೆ ಬಾ. ಮುಂದಿನ ಸಾಲಲ್ಲೇ ಕೂತ್ಕೋ. ಆ ಹೆಂಗಸರ ಮಾತನ್ನ, ಒಬ್ಬೊಬ್ಬರದನ್ನೂ ಕೊನೆವರೆಗೆ ಕೇಳು. ಆಮೇಲೂ ಸ್ವಿಚ್ ಆರಿಸಬೇಕು ಅನ್ನಿಸಿದ್ರೆ, ನನ್ನ ಕಣ್ಣೆದುರು ಆರಿಸು."

ನಾದಿನಿ ಬಗ್ಗಿ ಕಂಪ್ಯೂಟರಿನ ಪೆಟ್ಟಿಗೆಯನ್ನು ಎದೆಗವಚಿ ಎತ್ತಿಕೊಂಡಳು. ಅದಿನ್ನೂ ಬೆಚ್ಚಗಿತ್ತು.