ಅವನು ಉಪವಾಸ ಮುರಿದ ದಿನ

"ಸಕ್ಕರೆ... ಸ್ವಲ್ಪ ಸಕ್ಕರೆ ಕೊಡಪ್ಪ, ಬೇಗ!"

ಹಿಂದಿನ ಮೇಜಿನಿಂದ ಬಂದ ಆ ದನಿ ಕಿವಿಗೆ ಬೀಳುತ್ತಲೇ ಅವಳ ಕೈಯಲ್ಲಿದ್ದ ಚಮಚ ಜಾರಿ ತಟ್ಟೆಗೆ ಬಿತ್ತು. ಎಷ್ಟು ವರ್ಷವಾಗಿತ್ತು ಆ ದನಿ ಕೇಳಿ!

"ಸಿಹಿ ಏನಿದ್ರೂ ಊಟ ಆದ್ಮೇಲೆ ಬರುತ್ತೆ ಸರ್," ಎಂದ ವೇಟರ್, ನಯವಾಗಿ.

"ಊಟಾನೇ ಬಂದಿಲ್ವಲ್ಲಪ್ಪಾ..."

ಅದು ನಿಜ. ಅವಳೂ ಅವಳ ದರ್ಜಿ ಗೆಳತಿಯೂ ಬಂದು ಕೂತು ಯಾವ ಕಾಲವಾಗಿತ್ತೋ! ಬಂದದ್ದು ಆರಿದ ಸೂಪು ಮಾತ್ರ.

"ಇದೇನು ಸೂಪಾ, ಪಾತ್ರೆ ತೊಳೆದ ನೀರಾ?" ಎಂದು ಗೆಳತಿ ಗೊಣಗುತ್ತಿದ್ದಳು. "ಹಳೇ ಹೋಟೆಲ್ ಜಾಗದಲ್ಲಿ ಹೊಸದು ಬಂದಿದೆ, ಬಾರೇ ಅಂತ ನಾನೇ ಎಳ್ಕೊಂಡು ಬಂದೆ. ನನ್ನ ಬುದ್ಧಿಗಿಷ್ಟು!"

ಹಳೇ ಹೋಟೆಲ್... ಬಸ್ ಡಿಪೋ ಎದುರಿನ ತಗಡಿನ ಮಾಡು. ಅವಳು ಡಿಪೋದ ಟಿಕೆಟ್ ಗುಮಾಸ್ತೆ, ಅವನು ಡ್ರೈವರ್. ಪಾಳಿ ಮುಗಿಸಿ ಬಂದವನ ಜೊತೆ ಒಂದೇ ತಟ್ಟೆಯ ಬಿಸಿ ಅನ್ನ. ಓದಿದ ಪುಸ್ತಕದ ಮೇಲೆ ಜಗಳ, ಕಾರ್ಮಿಕ ಸಂಘದ ಮೇಲೆ ಜಗಳ, ಕೊನೆಯ ತುತ್ತು ಯಾರಿಗೆ ಎಂದು ಮತ್ತೊಂದು ಜಗಳ! ಅಷ್ಟು ರುಚಿಯಾದದ್ದನ್ನು ಅವಳು ಆಮೇಲೆ ಉಂಡದ್ದೇ ಇಲ್ಲ.

ಆಮೇಲೆ ಮುಷ್ಕರ ಬಂತು. ದಿನಗೂಲಿಯವರನ್ನು ಖಾಯಂ ಮಾಡಿ ಎಂದು ಗೇಟಿನ ಮುಂದೆ ಸರದಿ ಉಪವಾಸ. ಅವನ ಸರದಿಯ ದಿನವೇ, ಆ ಹಳೇ ಹೋಟೆಲಿನ ಮೂಲೆಯಲ್ಲಿ ಅವನು ಗಬಗಬನೆ ಬನ್ನು ತಿನ್ನುತ್ತಿದ್ದುದನ್ನು ಅವಳು ಕಂಡಳು. ಕೈ ನಡುಗುತ್ತಿತ್ತು. ಸಿಕ್ಕಿಬಿದ್ದವನ ಕೈ ನಡುಗದೆ ಇನ್ನೇನು!

"ದ್ರೋಹಿ!" ಎಂದು ಅವಳು ಎಲ್ಲರೆದುರು ಕೂಗಿದ್ದಳು. ಅವನು ತುಟಿ ಬಿಚ್ಚಲಿಲ್ಲ. ಬೇರೆ ಡಿಪೋಗೆ ವರ್ಗ ಮಾಡಿಸಿಕೊಂಡು ಹೊರಟೇಹೋದ.

ಈಗ ಅವಳು ತಿರುಗಿ ನೋಡಿದಳು. ನರೆತ ಮೀಸೆ. ಹಣೆಯ ತುಂಬ ಬೆವರು. ಮೇಜಿನ ಅಂಚು ಹಿಡಿದ ಕೈಯಲ್ಲಿ ಅದೇ ನಡುಕ...

ಈ ಕೈ ಇವತ್ತು ಯಾವ ತಪ್ಪು ಮಾಡಿದೆ?

ಕೌಂಟರಿನಿಂದ ಸಕ್ಕರೆ ಡಬ್ಬಿ ಕಿತ್ತುಕೊಂಡು ಓಡಿದಳು.

"ಅಮ್ಮಾ, ಅದನ್ನ ಗಿರಾಕಿಗಳು ಮುಟ್ಟೋ ಹಾಗಿಲ್ಲ..." ವೇಟರ್ ಅಡ್ಡ ಬಂದ.

"ಮನುಷ್ಯ ಬೀಳ್ತಿದಾನೆ, ಪಕ್ಕಕ್ಕೆ ಸರಿ!"

ನೀರಿಗೆ ಸಕ್ಕರೆ ಸುರಿದು ಕಲಕಿ ತಾನೇ ಕುಡಿಸಿದಳು. ನಡುಕ ಮೆಲ್ಲಗೆ ಇಳಿಯಿತು. ಅವನು ಕಣ್ಣೆತ್ತಿದ.

"ನೀನಾ..."

"ಎಷ್ಟು ವರ್ಷದಿಂದ ಇದು?"

"ಇನ್ಸುಲಿನ್ನಾ? ಡ್ರೈವರ್ ಕೆಲಸ ಸಿಕ್ಕ ಮಾರನೇ ವರ್ಷದಿಂದ. ಇವತ್ತೂ ಚುಚ್ಕೊಂಡು ಬಂದು ಕೂತೆ, ಊಟ ಬರಲಿಲ್ಲ, ಮೈಯಲ್ಲಿ ಸಕ್ಕರೆ ಇಳಿದುಹೋಯ್ತು."

"ಅವತ್ತೂ ಇದೇನಾ?"

ಅವನು ತಲೆಯಾಡಿಸಿದ.

"ಒಂದು ಮಾತು ಹೇಳೋಕೆ ಏನಾಗಿತ್ತು ನಿನಗೆ!" ಅವಳ ಕಣ್ಣು ತುಂಬಿತು, ಸಿಟ್ಟೂ ಉಕ್ಕಿತು.

"ಹೇಳಿದ್ರೆ ನೀನು ನನ್ನ ಪರ ಕೂಗ್ತಿದ್ದೆ. ಇಡೀ ಡಿಪೋಗೆ ಕೇಳಿಸ್ತಿತ್ತು. ಕಾಯಿಲೆಯವನು ಅಂತ ಸ್ಟೇರಿಂಗ್ ಕಿತ್ಕೊಂಡು ಮನೆಗೆ ಕಳಿಸ್ತಿದ್ರು."

ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ಬಡವನಿಗೆ ಕಾಯಿಲೆಯೂ ಕಳ್ಳಮಾಲಿನಂತೆ ಬಚ್ಚಿಡಬೇಕಾದದ್ದೇ! ಆ ಸಿಟ್ಟನ್ನು ಮಾಲೀಕರ ಮೇಲೆ ತೀರಿಸಬೇಕಾದವಳು ಇವನ ಮೇಲೆ ತೀರಿಸಿಬಿಟ್ಟಿದ್ದಳು...

ಅಷ್ಟರಲ್ಲಿ ಅವನ ಮೇಜಿಗೆ ಅನ್ನ ಬಂತು. ದೊಡ್ಡ ತಟ್ಟೆಯ ನಡುವೆ ತಣ್ಣನೆಯ ಒಂದು ಹಿಡಿ!

"ನಾನು ಮ್ಯಾನೇಜರ್ ಹತ್ರ ಸ್ವಲ್ಪ ಜಗಳ ಆಡ್ಕೊಂಡು ಬರ್ತೀನಿ," ಎಂದು ಅವಳ ಹಿಂದೆಯೇ ಬಂದು ನಿಂತಿದ್ದ ಗೆಳತಿ ಸೆರಗು ಬಿಗಿದಳು. "ನಿಧಾನಕ್ಕೇ ಬರ್ತೀನಿ. ನೀವು ಮಾತಾಡಿ."

ಇಬ್ಬರೇ ಉಳಿದರು.

"ಈಗ ಬಸ್ ಓಡಿಸೋದು ಬಿಟ್ಟಿದೀನಿ ಕಣೇ. ಸ್ಟೋರಿನಲ್ಲಿ ಬೋಲ್ಟು ನಟ್ಟು ಕೊಡೋ ಕೆಲಸ."

"ನಾನೇನು ಬಸ್ಸನ್ನ ಪ್ರೀತಿಸಿದ್ನಾ?"

ಮಾತು ಬಾಯಿ ಜಾರಿತ್ತು. ಅವಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಎಲ್ಲರೆದುರು ಬೈದೆ. ಬೇಕಾದ್ರೆ ಈಗ ಎಲ್ಲರೆದುರೇ ತಪ್ಪಾಯ್ತು ಅಂತೀನಿ," ಎಂದು ಎದ್ದು ನಿಂತಳು.

"ಅಯ್ಯೋ, ಕೂತ್ಕೊಳ್ಳೇ ಮಾರಾಯ್ತಿ!"

ಕೈ ಹಿಡಿದು ಕೂರಿಸಿದವನು ಕೈ ಬಿಡಲಿಲ್ಲ.

"ನಾಳೆ ಮನೆಗೆ ಬಾ," ಎಂದಳು, ಅವಳ ದನಿಯೇ ಅಲ್ಲವೆಂಬಷ್ಟು ಮೆಲ್ಲಗೆ. "ಹೊತ್ತಿಗೆ ಸರಿಯಾಗಿ ಉಣ್ಣೋಣ."

"ಬಂದು ಹೋಗೋ ಶಕ್ತಿ ನನಗಿಲ್ಲ. ಬಂದ್ರೆ ಉಳಿದುಬಿಡ್ತೀನಿ."

"ಉಳಿ," ಎಂದಳು.