ಮೂಗು ಮುಚ್ಚಿಕೊಂಡವರು

ಬೆಳಿಗ್ಗೆ ನೋಡಿದರೆ ಹಿತ್ತಾಳೆ ಫಲಕ ಇರಲಿಲ್ಲ. ಗೋಡೆಯಲ್ಲಿ ನಾಲ್ಕು ತೂತುಗಳಷ್ಟೇ ಉಳಿದಿದ್ದವು.

ಸೈನ್ಯ ಬಿಟ್ಟುಹೋದ ಕಡಲತೀರ ಈಗ ಉದ್ಯಾನವನ. ಟಿಕೆಟ್ ಪಡೆದು ಬರುವ ಜನ ಹಳೆಯ ಫಿರಂಗಿ ಕಟ್ಟೆಯ ಹಿಂಗೋಡೆಯನ್ನೇ ಮೂತ್ರಿಖಾನೆ ಮಾಡಿಕೊಂಡಿದ್ದರು. ಸತ್ತ ಒಂಬತ್ತು ಸೈನಿಕರ ಹೆಸರಿದ್ದ ಫಲಕ ಅದೇ ಗೋಡೆಯಲ್ಲಿತ್ತು. ಇನ್ಸ್‌ಪೆಕ್ಟರಮ್ಮನ ಜೊತೆ ಬಂದಿದ್ದ ಪೊಲೀಸ್ ಪೇದೆ ನಾನು, ಕರ್ಚೀಫಿನಿಂದ ಮೂಗು ಮುಚ್ಚಿಕೊಂಡೇ ಗೋಡೆ ತಡವಿ ನೋಡಿದೆ. ಥೂ, ಇವರೂ ಮನುಷ್ಯರೇ?

“ಇವನೇ ಕದ್ದಿರೋದು,” ಎಂದ ಉದ್ಯಾನವನದ ಮ್ಯಾನೇಜರ್, ಮೂಗಿನಿಂದ ಕರ್ಚೀಫ್ ಸರಿಸಿ, ಕಸ ಗುಡಿಸುವ ಮುದುಕನನ್ನು ತೋರಿಸಿ. “ಗುಜರಿಗೆ ಹಾಕಿರ್ತಾನೆ. ಇವತ್ತೇ ಕೆಲಸದಿಂದ ತೆಗೀತೀನಿ. ಕರ್ಕೊಂಡು ಹೋಗಿ.”

“ನಾನಲ್ಲ ಸ್ವಾಮಿ—”

“ತಾತ, ಈ ಗೋಡೆ ಯಾವಾಗ ತೊಳೆದ್ರಿ?” ಇನ್ಸ್‌ಪೆಕ್ಟರಮ್ಮ ಕೇಳಿದರು.

“ತೊಳೆಯೋದು ಎಲ್ಲಿಂದಮ್ಮ? ಈ ಮ್ಯಾನೇಜರ್ ಸಾಹೇಬ್ರ ಹತ್ರ ನೀರಿನ ಪೈಪು ಕೇಳಿ ಎರಡು ವರ್ಷ ಆಯ್ತು. ಬ್ಲೀಚಿಂಗ್ ಪುಡಿ ಚೆಲ್ತೀನಿ, ಅಷ್ಟೇ.”

ಗೋಡೆ ಮುಟ್ಟಿದ ಕೈ ನನ್ನದೇ ಅಂತ ಹೇಳಿಕೊಳ್ಳಲು ಅಸಹ್ಯವಾಗಿ ಟಿಕೆಟ್ ಕೌಂಟರಿಗೆ ಓಡಿದೆ. ಅಲ್ಲಿನ ಅಕ್ಕ ಸೋಪು ಕೊಟ್ಟರು. ಅಂಗೈ ತರಚಿತು.

“ಅಕ್ಕ, ಇದು ಸೋಪೋ, ಉಜ್ಜೋ ಕಲ್ಲೋ?”

ಅಕ್ಕ ನಗದೆ ಸೋಪನ್ನು ವಾಪಸು ತೆಗೆದುಕೊಂಡರು.

ಮರಳಿದಾಗ ಇನ್ಸ್‌ಪೆಕ್ಟರಮ್ಮ, “ಕರ್ಚೀಫ್ ತೆಗಿ. ಇಲ್ಲಿ ಮೂಸು,” ಎಂದರು.

ಮೂಸಿದೆ. ಸುತ್ತೆಲ್ಲ ಗಬ್ಬು ನಾತ. ತೂತುಗಳ ಸುತ್ತ ಮಾತ್ರ ಸೋಪಿನ ಘಮ. ನನ್ನ ಕೈಯಿಂದಲೂ ಅದೇ ಘಮ ಬರುತ್ತಿತ್ತು. ಅಂಗೈ ತರಚಿದ್ದು ಅಕ್ಕನ ಸೋಪಿಗೆ ಅಂಟಿದ್ದ ಈ ಗೋಡೆಯ ಮರಳು ಎಂದು ಆಗ ಹೊಳೆಯಿತು. ಹೇಳಿದೆ.

ಅಕ್ಕನನ್ನು ಕರೆಸಿದರು.

“ನಾವೆಲ್ಲ ಮೂಗು ಮುಚ್ಕೊಂಡೇ ನೋಡಿದ್ವಿ,” ಎಂದರು ಇನ್ಸ್‌ಪೆಕ್ಟರಮ್ಮ. “ಗುಜರಿಗೆ ಹಾಕೋನು ಗೋಡೆ ಯಾಕೆ ತೊಳೀತಾನೆ? ತೊಳೆದ್ರೂ ಮೈಗೆ ಹಚ್ಚೋ ಸೋಪು ಯಾಕೆ? ತೆಗೆದದ್ದು ನೀವೇ. ಆ ಒಂಬತ್ತು ಜನರಲ್ಲಿ ನಿಮ್ಮವರು ಯಾರು, ಅಕ್ಕ?”

“ನನ್ನ ತಮ್ಮ. ನಾನೇ ಸ್ನಾನ ಮಾಡಿಸಿ ಬೆಳೆಸಿದ್ದು.” ಅಕ್ಕ ಮುದುಕನ ಕಡೆ ತಿರುಗಿದರು. “ನಿಮ್ಮ ಮೇಲೆ ಬರುತ್ತೆ ಅಂತ ತಿಳೀಲಿಲ್ಲ, ತಾತ. ದಿನಾ ನಾನೇ ಟಿಕೆಟ್ ಹರಿದು ಕೊಡ್ತೀನಿ. ಅದೇ ಜನ ಬಂದು ಅವನ ಹೆಸರಿನ ಮೇಲೆ ಉಚ್ಚೆ ಹುಯ್ತಾರೆ. ಗೇಟು ಹಾಕಿದ ಮೇಲೆ ತೊಳೀತಿದ್ದೆ. ನಿನ್ನೆ ತೊಳೆದು ಮುಗಿಸಿದಾಗ, ಮತ್ತೆ ಅವನನ್ನ ಇಲ್ಲೇ ಬಿಟ್ಟು ಹೋಗೋಕೆ ಮನಸ್ಸು ಬರ್ಲಿಲ್ಲ.”

ಫಲಕ ಕೌಂಟರಿನ ಕೆಳಗೆ, ಒಗೆದ ಟವೆಲಿನಲ್ಲಿ ಸುತ್ತಿ ಇತ್ತು.

“ಕಳವು ಕಳವೇ. ಬರ್ಕೊಳ್ಳಿ,” ಎಂದ ಮ್ಯಾನೇಜರ್.

“ಬರ್ಕೋ,” ಎಂದು ನನಗೆ ಹೇಳಿದರು ಇನ್ಸ್‌ಪೆಕ್ಟರಮ್ಮ. “ಫಲಕ ತೆಗೆದವರು ಟಿಕೆಟ್ ಅಕ್ಕ. ಅದರ ಕೆಳಗೆ, ಎರಡು ವರ್ಷ ಪೈಪು ಕೊಡದವರ ಹೆಸರನ್ನೂ ಬರ್ಕೋ.”

ಮ್ಯಾನೇಜರ್ ಕರ್ಚೀಫನ್ನು ಮತ್ತೆ ಮೂಗಿಗೆ ಒತ್ತಿಕೊಂಡ. ನಾನು ಎರಡನೆಯ ಹೆಸರನ್ನು ಒತ್ತಿ ಬರೆದೆ.