ಟಾಕಿ ನೋಡಲು ಬಂದವನು

ನೀಲಮಳ ಮನೆಯಲ್ಲಿ ಬೇಳೆ ಬೇಯುವ ನೀರಿರಲಿಲ್ಲ.

ಮನೆ ಹೊಸದು. ಜುಗೂಳ ಊರಿನ ಪಕ್ಕದಲ್ಲೇ ಕೃಷ್ಣೆ ಹರಿಯುತ್ತಿದ್ದರೂ ಅವರ ಓಣಿಯ ನಳಕ್ಕೆ ಹೊಳೆ ನೀರು ಬರುತ್ತಿದ್ದುದು ನಾಲ್ಕು ದಿನಕ್ಕೊಮ್ಮೆ. ಉಳಿದ ದಿನ ಬೋರಿನ ಸವಳು ನೀರು. ಎರಡು ವರ್ಷದಲ್ಲಿ ನಳದ ಬಾಯಿಗೆ ಬಿಳಿ ಪೊರೆ ಕಟ್ಟಿತ್ತು, ಗೀಸರ್ ಎರಡು ಸಲ ಸುಟ್ಟಿತ್ತು, ತೊಳೆದ ಕೂದಲು ತೆಂಗಿನ ನಾರಿನಂತಾಗುತ್ತಿತ್ತು.

ಇಡೀ ಮನೆಗೆ ಒಂದು ಫಿಲ್ಟರ್ ಕೂಡಿಸಬೇಕು ಎಂಬುದರಲ್ಲಿ ತಂದೆ ತುಕಾರಾಮ, ತಾಯಿ ಜನಾಬಾಯಿ, ಮಗಳು ಮೂವರದೂ ಒಂದೇ ಮಾತು. ಯಾವುದು, ಯಾರಿಂದ ಎಂಬಲ್ಲಿ ಮಾತ್ರ ನೀಲಮ ಯಾರನ್ನೂ ನಂಬುತ್ತಿರಲಿಲ್ಲ.

ಕಾರಣವಿತ್ತು. ಹಿಂದಿನ ವರ್ಷ ಟೈ ಕಟ್ಟಿಕೊಂಡು ಬಂದವನೊಬ್ಬ ಗ್ಲಾಸಿನ ನೀರಿಗೆ ಎರಡು ಕಡ್ಡಿ ಇಳಿಸಿ ಕರೆಂಟು ಕೊಟ್ಟಿದ್ದ. ನೀರು ಕಪ್ಪಾಯಿತು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೂ ಅವಳು ಹೆದರಿ ಅವನ ಯಂತ್ರ ಕೊಂಡಳು. ಆ ಕಪ್ಪು ಬಣ್ಣ ನೀರಿನ ಹೊಲಸಲ್ಲ, ಕರಗಿದ ಕಡ್ಡಿಯ ಕಬ್ಬಿಣ ಎಂದು ತಿಳಿಯುವಷ್ಟರಲ್ಲಿ ಅವನ ಫೋನು ಬಂದ್ ಆಗಿತ್ತು.

ಅದೇ ವರ್ಷ ಅವಳ ನಿಶ್ಚಿತಾರ್ಥವೂ ಮುರಿಯಿತು. ಕಾಯಂ ನೌಕರಿ ಎಂದಿದ್ದ ವರನಿಗೆ ನೌಕರಿಯೇ ಇರಲಿಲ್ಲ.

ಎರಡನ್ನೂ ಒಪ್ಪಿದ್ದು ತಾನೇ. ಮೂರನೇ ಸಲವೂ ಮೋಸ ಹೋದರೆ... ತನ್ನ ಮೇಲೆ ತನಗೇ ಏನು ನಂಬಿಕೆ ಉಳಿಯುತ್ತದೆ?

ಹಾಗಾಗಿ ಆ ಭಾನುವಾರ ಬೆಳಿಗ್ಗೆ ಫಿಲ್ಟರ್ ಅಂಗಡಿಯ ಸುರಜ ಬೈಕ್ ನಿಲ್ಲಿಸಿ ಜೈಭೀಮ್ ಎಂದಾಗ ಅವಳು ಗೇಟಿನ ಕೊಂಡಿ ತೆಗೆಯಲಿಲ್ಲ.

"ಮೊದಲ ಚೀಲ ಬಿಚ್ಚರಿ," ಎಂದಳು.

"ಯಾಕ್ರಿ?"

"ಕಡ್ಡಿ ಅದಾವೇನ ನೋಡತೀನಿ."

ಅವನಿಗೆ ತಿಳಿಯಿತು. ನಗಲಿಲ್ಲ. ಕಂಪೌಂಡಿನ ಮೇಲೆ ಚೀಲ ಸುರುವಿದ. ನಟ್ಟು ಬಿಚ್ಚುವ ಪಾನಾ, ಅಳತೆ ಟೇಪು, ಖಾಲಿ ಬಾಟಲಿ, ಒಂದು ತುಂಡು ಸಬಕಾರ.

"ಸಬಕಾರ ಯಾಕ? ಜಳಕ ಮಾಡಾಕ ಬಂದೀರೇನ?"

"ನೊರಿ ಬರಲಿಲ್ಲಂದ್ರ ನೀರ ಸವಳ ಅಂತ ಗೊತ್ತಾಗತೈತ್ರಿ."

"ನಿಮ್ಮ ಸಬಕಾರ ಬ್ಯಾಡ. ನಮ್ಮದ ತರತೀನಿ."

"ಬಾಟ್ಲಿನೂ ನಿಮ್ಮದ ತರ್ರಿ. ನೀವ ಅಲಗ್ಯಾಡಸ್ರಿ. ನಾ ಇಲ್ಲೇ ಹೊರಗ ನಿಂದರತೀನಿ."

ಅವಳು ಬಾಟಲಿ ಅಲುಗಾಡಿಸಿದಳು. ನೊರೆ ಬರಲಿಲ್ಲ, ಬಿಳಿ ಗಸಿ ತೇಲಿತು. ಅವನು ಹೇಳಿದಂತೆ ಬಿಸಿಲಲ್ಲೇ ನಿಂತಿದ್ದ. ಅದೇ ಅವಳಿಗೆ ಕಿರಿಕಿರಿ. ಇವನು ಜಾಣ ಕಳ್ಳ, ಎಂದುಕೊಂಡಳು.

ಕೊನೆಗೆ ಅವಳು ಕೊಂಡಿ ತೆಗೆದಳು. ಅವನು ನೀರಿನ ಟಾಕಿ ಅಳೆದು, ಅದರ ಕೆಳಗೆ ಸವಳು ನೀರನ್ನು ಮೆದುಮಾಡುವ ಒಂದು ಸಾಫ್ಟನರ್ ಸಾಕು, ಕುಡಿಯಲು ಅಡುಗೆಮನೆಗೆ ಚಿಕ್ಕದೊಂದು ಬೇರೆ, ದೊಡ್ಡ ಯಂತ್ರ ಬೇಡ ಎಂದ. ಮುಂಗಡ ಕೇಳಲಿಲ್ಲ. ಮಾರಲು ಬಂದವನು ಬೇಡ ಎನ್ನುತ್ತಾನೆಂದರೆ... ಇವನಿಗೆ ಬೇಕಾಗಿರುವುದೇ ಬೇರೆ ಇರಬೇಕು.

ಅವನ ನಂಬರು ಕೊಟ್ಟವರು ತಂದೆಯ ಗೆಳೆಯ ಕಾಕಾಸಾಹೇಬ. ಊರಿನ ಅರ್ಧ ಲಗ್ನಗಳನ್ನು ಕುದುರಿಸಿದವರು. ಅನುಮಾನಕ್ಕೆ ಅದೂ ಸೇರಿತು.

ಮುಂದಿನ ಭಾನುವಾರ ಸುರಜ ನೋಟ್‌ಬುಕ್ಕು ಹಿಡಿದು ಜನಾಬಾಯಿಯ ಎದುರು ಕೂತ. ಮನೆಯಲ್ಲಿ ಎಷ್ಟು ಜನ, ಜಳಕಕ್ಕೆ ಎಷ್ಟು ಬಕೆಟ್, ಬೀಗರು ಎಷ್ಟು ಬರುತ್ತಾರೆ ಎಂದೆಲ್ಲ ಕೇಳಿದ. ಎಲ್ಲಕ್ಕೂ ಜನಾಬಾಯಿ ಸಂತೋಷದಿಂದ ಉತ್ತರ ಕೊಟ್ಟಳು.

"ಮುಂದ ಐದ ವರ್ಷದಾಗ ಮಂದಿ ಹೆಚ್ಚಾಗ್ತೀರೋ, ಕಮ್ಮಿ ಆಗ್ತೀರೋ? ಮೇಡಮ್ಮಾರು ಲಗ್ನ ಆಗಿ ಹೋಗೂದೈತೇನ್ರಿ?" ಎಂದು ಕೊನೆಗೆ ಕೇಳಿದ.

ಒಳಗೆ ನೀಲಮಳ ಕೈಯ ಪಾತ್ರೆ ನಿಂತಿತು. ನೀರಿನ ಫಿಲ್ಟರಿಗೆ ನನ್ನ ಲಗ್ನ ಯಾಕೆ? ಹೊರಗೆ ತಾಯಿ ದನಿ ತಗ್ಗಿಸಿ, ಮರಾಠಿಗೆ ಹೊರಳಿ, ಏನೋ ಉದ್ದಕ್ಕೆ ಹೇಳುತ್ತಿದ್ದಳು.

ಮೂರನೇ ಭಾನುವಾರ ಅವಳು ಡ್ಯೂಟಿ ಮುಗಿಸಿ ಮಧ್ಯಾಹ್ನ ಮನೆಗೆ ಬಂದಳು. ತಂದೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು. ಕಾಕಾಸಾಹೇಬರು ಕಾಟಿನ ಮೇಲೆ ಕೂತಿದ್ದರು. ಸುರಜನ ಕೈಯಲ್ಲಿ ಕಾಂದಾಪೋಹೆಯ ತಾಟು.

ಆ ಗಡಿನಾಡಿನಲ್ಲಿ ಹುಡುಗಿ ತೋರಿಸುವ ಮನೆಯಲ್ಲಿ ಉಳ್ಳಾಗಡ್ಡಿ ಹಾಕಿದ ಆ ಅವಲಕ್ಕಿಯನ್ನೇ ಕೊಡುವುದು ರೂಢಿ. ನೀಲಮ ಆರು ಸಲ ಆ ತಾಟು ಹಿಡಿದು ಹೊರಗೆ ಬಂದವಳು.

ಅವಳು ಚಪ್ಪಲಿ ಕೂಡ ಬಿಡಲಿಲ್ಲ.

"ಹೆಣ್ಣ ನೋಡಾಕ ಬರವ್ರು ಹೇಳಿ ಬರಬೇಕ್ರಿ. ಟಾಕಿ ನೆವ ಯಾಕ ಬೇಕು?"

ಸುರಜನ ಕಿವಿ ಕೆಂಪಾದವು. ತಾಟು ಕೆಳಗಿಟ್ಟ.

"ನಾ ನೀರ ನೋಡಾಕ ಬಂದಿದ್ನಿರಿ."

ನೋಟ್‌ಬುಕ್ಕಿನ ಹಾಳೆ ಹರಿದು ಕಾಟಿನ ಮೇಲಿಟ್ಟು ಹೋಗಿಬಿಟ್ಟ.

ಗೆದ್ದೆ ಅನ್ನಿಸಬೇಕಿತ್ತು. ಆದರೆ ಅವನು 'ನೀರ' ಎಂದ ಕೂಡಲೇ ಎದೆಯಲ್ಲಿ ಏನೋ ಕುಸಿದಿತ್ತು... ಯಾಕೆ?

ಜನಾಬಾಯಿ ಚೆನ್ನಾಗಿ ಬೈದಳು. ಬೇಳೆ ಬೇಯದ ಮನೆಯಲ್ಲಿ ಬಂದವರಿಗೆ ಅವಲಕ್ಕಿಯಲ್ಲದೆ ಇನ್ನೇನು ಕೊಡಲಿ ಎಂದಳು. ತಂದೆ ಅಂಗಿ ತೊಟ್ಟದ್ದು ಬುದ್ಧ ವಿಹಾರದ ಸಭೆಗೆ. ಕಾಕಾಸಾಹೇಬರು ಬಂದದ್ದು ಅವರನ್ನು ಕರೆದೊಯ್ಯಲು. ನೀಲಮ ಮೂರನ್ನೂ ನಂಬಲಿಲ್ಲ.

ಹಾಳೆಯಲ್ಲಿ ಸಾಫ್ಟನರಿನ ಅಳತೆ ಇತ್ತು. ಕೆಳಗೆ, ಯಾವ ಅಂಗಡಿಯಲ್ಲಾದರೂ ತೆಗೆದುಕೊಳ್ಳಿ, ಇದಕ್ಕಿಂತ ದೊಡ್ಡದು ಬೇಡ, ಎಂದು ಬರೆದಿದ್ದ.

ಅದರಲ್ಲೂ ಏನೋ ಮಸಲತ್ತು ಇರಬೇಕೆಂದು ಅವಳು ನಾಲ್ಕನೇ ಭಾನುವಾರ ಹಾಳೆ ಹಿಡಿದು ಅಥಣಿ, ಚಿಕ್ಕೋಡಿ ತಿರುಗಿದಳು. ಮೂರು ಅಂಗಡಿಗಳಲ್ಲಿ ಇದರ ಎರಡು ಪಟ್ಟು ದೊಡ್ಡದು ಬೇಕೇ ಬೇಕು ಎಂದರು. ನಾಲ್ಕನೆಯದು ಬಾಳಾಸಾಬ ಎಂಬ ಮುದುಕನ ಅಂಗಡಿ. ಅವನು ಕನ್ನಡಕ ಏರಿಸಿ ಓದಿ ನಕ್ಕ.

"ಇದನ್ನ ಬರದಾಂವ ವ್ಯಾಪಾರಕ್ಕ ನಾಲಾಯಕ ನೋಡವಾ. ಅಳತಿ ಮಾತ್ರ ಬರೋಬ್ಬರಿ ಐತಿ."

ಬಸ್ಸಿನಲ್ಲಿ ಊರಿಗೆ ಮರಳುವಾಗ ನೀಲಮಳಿಗೆ ಕೈಯಲ್ಲಿದ್ದ ಹಾಳೆ ಭಾರವೆನಿಸಿತು. ಒಬ್ಬ ನೆಟ್ಟಗಿನ ಮನುಷ್ಯನನ್ನು ನಾಲ್ಕು ಜನರ ಮುಂದೆ ಕಳ್ಳನನ್ನಾಗಿ ಮಾಡಿದ್ದಳು. ಅದಕ್ಕಿಂತ ಹೆಚ್ಚು ನೋಯುತ್ತಿದ್ದುದು ಬೇರೆ. ಅವನು ನಿಜವಾಗಿಯೂ ನೀರು ನೋಡಲಷ್ಟೇ ಬಂದಿದ್ದನೇ?

ನಂತರದ ಭಾನುವಾರ ಎರಡು ಬಸ್ಸು ಬದಲಿಸಿ ಸುರಜನ ಅಂಗಡಿಯಿದ್ದ ಬೇಡಕಿಹಾಳಕ್ಕೆ ಹೋದಳು. ಅವನು ಅಂಗಡಿಯ ಮುಂದೆ ಒಂದು ಫಿಲ್ಟರಿಗೆ ಉಸುಕು ತುಂಬುತ್ತಿದ್ದ. ತಲೆ ಎತ್ತಿದ, ನಗಲಿಲ್ಲ.

"ಫಿಲ್ಟರ್ ಬೇಕಾಗೇತಿ," ಎಂದಳು.

"ಬರದ ಕೊಟ್ಟೇನಲ್ರಿ. ಎಲ್ಲೆರ ಸಿಗತೈತಿ."

"ನಾಲ್ಕ ಕಡೆ ಕೇಳೇನಿ. ನೀವ ಬರದದ್ದ ಖರೆ."

"ಅಷ್ಟ ಹೇಳಾಕ ಇಲ್ಲಿತನಕ ಬಂದ್ರಿ?"

ದಾರಿಯಲ್ಲಿ ಜೋಡಿಸಿಕೊಂಡ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ.

"ನೀರ ನೋಡಾಕ ಬಂದಿದ್ನಿ ಅಂದ್ರಲ್ಲ... ನನಗ ಸಮಾಧಾನ ಆಗಬೇಕಿತ್ತು. ಸಂಕಟ ಆತು. ಯಾಕಂತ ಈಗ ಗೊತ್ತಾಗೇತಿ. ಮಂದಿ ಮುಂದ ಅಂದದ್ದು ತಪ್ಪಾತ್ರಿ."

ಸುರಜ ಬಹಳ ಹೊತ್ತು ಕೈ ಒರೆಸಿಕೊಂಡ.

"ತಪ್ಪ ನಿಮ್ಮದಲ್ರಿ. ನೀರ ನೋಡೂದು, ಟಾಕಿ ಅಳಿಯೂದು ಎಲ್ಲಾ ಮೊದಲನೇ ದಿನಾನ ಮುಗದಿತ್ತು."

"ಹಂಗಾರ ಮತ್ತೆರಡ ಸಲ ಯಾಕ ಬಂದ್ರಿ?"

"ನಿಮ್ಮನ್ನ ನೋಡಾಕ."

"ಲಗ್ನದ್ದು ಕೇಳಿದ್ದು?"

"ಅಳತಿಗೂ ಬೇಕಾಗಿತ್ತು... ನನಗೂ ಬೇಕಾಗಿತ್ತು."

ಅಂದರೆ ಅನುಮಾನ ಸುಳ್ಳಾಗಿರಲಿಲ್ಲ. ಸಿಟ್ಟು ಬರಬೇಕಿತ್ತು. ಬಂದದ್ದು ನಗೆ, ಅದರ ಜೊತೆ ಕಣ್ಣಲ್ಲಿ ನೀರು.

"ಅಂದ್ರ ನೀವ ಸುಳ್ಳ ಹೇಳಿದ್ರಿ."

"ಒಂದ. ಇನ್ನ ಹೇಳಂಗಿಲ್ಲ."

"ನಾ ಹಂಗ ನಂಬಾಕಿ ಅಲ್ಲ. ದಿನಾ ಕೇಳತೀನಿ."

"ಕೇಳ್ರಿ," ಎಂದು ಅವನು ಒಳಗಿನಿಂದ ಕುರ್ಚಿ ತಂದು ಹಾಕಿದ. "ದಿನಾ ಹೇಳತೀನಿ."

ಅವಳು ಕೂತಳು.

ಆ ಹೊತ್ತಿಗೆ ಕಳೆದುಹೋಗಿದ್ದವು ಐದು ಭಾನುವಾರ. ಅವಳು ಎದ್ದಾಗ, ಊರಿನ ಕಡೆ ಹೋಗುವ ಎರಡು ಬಸ್ಸು ತಪ್ಪಿಹೋಗಿದ್ದವು.